ಹುಬ್ಬಳ್ಳಿಯಿಂದ ರೈಲಲ್ಲಿ ಹೋಗಿ, ತಿಂದು, ಅದೇ ದಿನ ವಾಪಸ್ ಬರೋಕೆ ಯಾವ ಊರು?

ಕಿಟಕಿಸೀಟು
ನಮಸ್ಕಾರ ಎಲ್ಲರಿಗೂ. ಮುಂದಿನ ತಿಂಗಳು ಬೆಂಗಳೂರಿಂದ ಅಕ್ಕ, ಭಾವ, ಮಕ್ಕಳು ಬರುತ್ತಿದ್ದಾರೆ. ಹಂಪಿ, ಗೋವಾ ಎಲ್ಲ ನೋಡಿ ಆಗಿದೆ. ಈ ಸಲ ಭಾವ ಮೊದಲೇ ಫೋನ್ ಮಾಡಿ ಹೇಳಿಬಿಟ್ಟಿದ್ದಾರೆ: "ಗುಡಿ ಗುಂಡಾರ ಬೇಡ. ಎಲ್ಲಾದರೂ ಹೋಗಿ ಚೆನ್ನಾಗಿ ತಿಂದು ಬರೋಣ." ನಮ್ಮ ಕಾರಲ್ಲಿ ಇಷ್ಟು ಜನ ಹಿಡಿಯೋದಿಲ್ಲ, ಮಕ್ಕಳಿಗೆ ರೈಲೇ ಬೇಕು. ಬೆಳಿಗ್ಗೆ ಹೊರಟು ರಾತ್ರಿ ಮಲಗೋ ಹೊತ್ತಿಗೆ ವಿದ್ಯಾನಗರದ ಮನೆ ಮುಟ್ಟಬೇಕು. ಒಂದು ಕಡೆಗೆ ಮೂರು ಗಂಟೆಗಿಂತ ಜಾಸ್ತಿ ಬೇಡ. ತಲೆಯಲ್ಲಿರೋದು ದಾವಣಗೆರೆ, ಬೆಳಗಾವಿ, ಬಾದಾಮಿ. ಅಕ್ಕ ಪೂರ್ತಿ ಸಸ್ಯಾಹಾರಿ, ಭಾವ ಏನೂ ಬಿಡುವವರಲ್ಲ. ಹೋಗಿ ಬಂದವರು ಹೇಳಿ. "ಎಲ್ಲ ಕಡೆ ಚೆನ್ನಾಗಿರುತ್ತದೆ" ಅನ್ನೋ ಉತ್ತರ ಬೇಡ.

ದಾವಣಗೆರೆ ಸೊಸೆ
ಇದರಲ್ಲಿ ಕೇಳೋದೇನಿದೆ? ದಾವಣಗೆರೆ.

ಹಳೇ ಹುಬ್ಬಳ್ಳಿ ಹುಡುಗ
ಒಂದು ಬೆಣ್ಣೆ ದೋಸೆಗೋಸ್ಕರ ಹೋಗಿ ಬಂದು ಮುನ್ನೂರು ಕಿಲೋಮೀಟರಿನ ಹತ್ತಿರ? ಅದೇ ಬೋರ್ಡ್ ಹಾಕಿಕೊಂಡವರು ನಮ್ಮಲ್ಲೂ ಗಲ್ಲಿಗೊಬ್ಬರು ಇದ್ದಾರಲ್ಲ.

ದಾವಣಗೆರೆ ಸೊಸೆ
ಬೋರ್ಡ್ ಯಾರು ಬೇಕಾದರೂ ಹಾಕಬಹುದು. ಅಲ್ಲಿ ಹಿಟ್ಟಿಗೆ ಅಕ್ಕಿ, ಉದ್ದಿನಬೇಳೆ ಜೊತೆ ಮಂಡಕ್ಕಿ ನೆನೆಸಿ ರುಬ್ಬುತ್ತಾರೆ. ಕಟ್ಟಿಗೆ ಒಲೆ, ದಪ್ಪ ಕಾವಲಿ. ದೋಸೆಯ ಅಂಚು ಕೆಂಪಾಗುವ ಹೊತ್ತಿಗೆ ಮೇಲೆ ಬೆಣ್ಣೆ ಬೀಳುತ್ತದೆ, ತಟ್ಟೆಗೆ ಬಂದ ಮೇಲೆ ಮತ್ತೊಂದು ಮುದ್ದೆ. ಪಲ್ಯ ಅಂದರೆ ಬರೀ ಬೇಯಿಸಿದ ಆಲೂಗಡ್ಡೆ, ಅರಿಶಿನವೂ ಇಲ್ಲ. ಚಟ್ನಿ ಬೆಳ್ಳಗೆ, ನೀರಾಗಿ, ಖಾರವಾಗಿ. ಸಾಂಬಾರ್ ಕೇಳಿದರೆ ನಿಮ್ಮನ್ನು ಮೇಲಿಂದ ಕೆಳಗೆ ಒಮ್ಮೆ ನೋಡುತ್ತಾರೆ. ಹುಬ್ಬಳ್ಳಿಯಲ್ಲಿ ಗ್ಯಾಸ್ ಒಲೆ ಮೇಲೆ ಮಾಡಿ, ಹಳದಿ ಪಲ್ಯ ತುಂಬಿ, ಸಾಂಬಾರ್ ಬಟ್ಟಲು ಇಟ್ಟು ಕೊಡೋದಕ್ಕೆ ಅದೇ ಹೆಸರಾ?

ಇನ್ನೊಂದು, ಸ್ಟೇಷನ್ ಊರ ಮಧ್ಯದಲ್ಲೇ ಇದೆ. ಇಳಿದು ಇಪ್ಪತ್ತು ನಿಮಿಷದಲ್ಲಿ ತಟ್ಟೆ ಮುಂದೆ ಕೂತಿರುತ್ತೀರಿ. ಬಾದಾಮಿಯಲ್ಲಿ ಇದು ಆಗೋ ಮಾತಲ್ಲ.

ಕುಂದಾ ಕಳ್ಳ
ಅಕ್ಕಾರೆ, ಆ ದೋಸೆ ಶುರು ಮಾಡಿದ ಚೆನ್ನಮ್ಮನವರು 1928ರಲ್ಲಿ ಬೆಳಗಾವಿ ಜಿಲ್ಲೆಯಿಂದ ಬಂದವರು, ಮೊದಲು ಮಾಡುತ್ತಿದ್ದದ್ದು ರಾಗಿ ದೋಸೆ ಅಂತಾರೆ. ಅಂದರೆ ನಿಮ್ಮ ದೋಸೆಯೂ ನಮ್ಮದೇ ಆಯ್ತು 😄

ದಾವಣಗೆರೆ ಸೊಸೆ
ಹುಟ್ಟಿದ್ದು ಎಲ್ಲಾದರೂ ಇರಲಿ, ಬೆಣ್ಣೆ ಬಿದ್ದದ್ದು ನಮ್ಮಲ್ಲಿ.

ನಿವೃತ್ತ ಟಿಟಿಇ
ಊರು ಆಮೇಲೆ ಆರಿಸಿ. ಮೊದಲು ಆ ಊರಿಂದ ವಾಪಸ್ ಬರೋ ಗಾಡಿ ಎಷ್ಟಕ್ಕಿದೆ ನೋಡಿ. ಹೋಗೋಕೆ ಎಲ್ಲರಿಗೂ ರೈಲು ಸಿಗುತ್ತದೆ. ಸಂಜೆ ನಾಲ್ಕರಿಂದ ಏಳರ ಒಳಗೆ ತಿರುಗಿ ಬರಲು ಎರಡು ಗಾಡಿಯಾದರೂ ಇರೋ ಊರಿಗೇ ಹೋಗಬೇಕು. ಒಂದೇ ಇದ್ದು ಅದು ತಡವಾದರೆ ಮಕ್ಕಳನ್ನು ಕಟ್ಟಿಕೊಂಡು ಪ್ಲಾಟ್‌ಫಾರ್ಮ್ ಮೇಲೆ ಕೂರಬೇಕಾಗುತ್ತದೆ. ಈ ಲೆಕ್ಕದಲ್ಲಿ ದಾವಣಗೆರೆ ಮತ್ತು ಗದಗ ಮುಂದೆ, ಬಾದಾಮಿ ಹಿಂದೆ.

ಟಿಕೆಟ್ ವಿಷಯ ಕೇಳಿ. ಜನರಲ್ ಟಿಕೆಟ್ ಆದರೆ 199 ಕಿಲೋಮೀಟರ್ ತನಕದ ಪ್ರಯಾಣಕ್ಕೆ ತೆಗೆದ ಮೂರು ಗಂಟೆಯೊಳಗೆ ಹೊರಡಬೇಕು. ಆದ್ದರಿಂದ ಬೆಳಿಗ್ಗೆ ಹುಬ್ಬಳ್ಳಿಯಲ್ಲೇ ವಾಪಸ್ ಟಿಕೆಟ್ ತೆಗೆದಿಟ್ಟುಕೊಳ್ಳೋಣ ಅನ್ನೋದು ನಡೆಯೋದಿಲ್ಲ. ಅಷ್ಟು ದೂರಕ್ಕೆ ರಿಟರ್ನ್ ಟಿಕೆಟ್ ಕೊಡೋದನ್ನು 2016ರಲ್ಲೇ ನಿಲ್ಲಿಸಿದ್ದಾರೆ. ಪ್ಯಾಸೆಂಜರ್ ಟಿಕೆಟ್ ಹಿಡಿದು ಎಕ್ಸ್‌ಪ್ರೆಸ್ ಹತ್ತಬೇಡಿ. ಸೂಪರ್‌ಫಾಸ್ಟ್‌ಗೆ ಸೆಕೆಂಡ್ ಕ್ಲಾಸಿನಲ್ಲಿ ತಲೆಗೆ 15 ರೂಪಾಯಿ ಜಾಸ್ತಿ. ಮೊಬೈಲಲ್ಲಿ ತೆಗೆಯೋದಾದರೆ ಸ್ಟೇಷನ್ ಒಳಗೆ ಬರೋ ಮೊದಲೇ ತೆಗೆಯಿರಿ, ಇಲ್ಲಾಂದ್ರೆ ಅಲ್ಲಿ ಅಂಟಿಸಿರೋ ಕ್ಯೂಆರ್ ಕೋಡ್ ಹುಡುಕಿಕೊಂಡು ಹೋಗಬೇಕು.

ಕಿಟಕಿಸೀಟು
ಸರ್, ತುಂಬಾ ಉಪಕಾರ ಆಯ್ತು. ವಂದೇ ಭಾರತ್‌ನಲ್ಲಿ ದಾವಣಗೆರೆಗೆ ಹೋಗಬಹುದಾ? ಮಕ್ಕಳು ಅದನ್ನೇ ಕೇಳುತ್ತಿದ್ದಾರೆ.

ನಿವೃತ್ತ ಟಿಟಿಇ
ಧಾರವಾಡ–ಬೆಂಗಳೂರು ಗಾಡಿ ನಿಮ್ಮ ಕೆಲಸಕ್ಕೆ ಉಲ್ಟಾ. ಬೆಳಿಗ್ಗೆ ಬೆಂಗಳೂರಿಂದ ಈ ಕಡೆ ಬರುತ್ತದೆ, ಮಧ್ಯಾಹ್ನ ಧಾರವಾಡ ಬಿಟ್ಟು ಆ ಕಡೆ ಹೋಗುತ್ತದೆ. ನೀವು ದಾವಣಗೆರೆಯಲ್ಲಿ ಇಳಿಯೋ ಹೊತ್ತಿಗೆ ಕಾವಲಿ ತಣ್ಣಗಾಗಿರುತ್ತದೆ. ಭಾವ ಬೆಂಗಳೂರಿಂದ ಬರುವಾಗ ಅದರಲ್ಲೇ ಬಂದು ದಾವಣಗೆರೆಯಲ್ಲಿ ಇಳಿದರೆ ತಿಂಡಿ ಹೊತ್ತಿಗೆ ಸರಿ. ನೀವು ಇಲ್ಲಿಂದ ಹೋಗಿ ಅವರನ್ನು ಅಲ್ಲೇ ಸೇರಿಕೊಳ್ಳಿ.

ದಾವಣಗೆರೆ ಸೊಸೆ
ಇದು ಒಳ್ಳೇ ಐಡಿಯಾ. ಆದರೆ ಸಾಮಾನು?

ಹಳೇ ಹುಬ್ಬಳ್ಳಿ ಹುಡುಗ
ಸೂಟ್‌ಕೇಸ್ ಎಳ್ಕೊಂಡು ದೋಸೆ ತಿನ್ನೋದು. ಭಾವ ಜನ್ಮದಲ್ಲಿ ಮರೆಯೋದಿಲ್ಲ.

ಖಡಕ್‌ರೊಟ್ಟಿ
ನೀವೆಲ್ಲ ದೋಸೆ ಹಿಡ್ಕೊಂಡು ಕೂತಿದ್ದೀರಿ. ಬೆಂಗಳೂರಿನವರಿಗೆ ದೋಸೆ ಹೊಸದಾ? ಅಲ್ಲಿ ಈಗ ಬೆಣ್ಣೆ ದೋಸೆ ಬೀದಿಬೀದಿಗೆ ಸಿಗುತ್ತದೆ, ಚೆನ್ನಾಗಿದೆಯೋ ಇಲ್ಲವೋ ಅದು ಬೇರೆ ಮಾತು. ಅವರಿಗೆ ಅಲ್ಲಿ ಎಷ್ಟು ದುಡ್ಡು ಕೊಟ್ಟರೂ ಸಿಗದ ಊಟ ಬೇಕು ಅಂದರೆ ಬಾದಾಮಿಯ ಬನಶಂಕರಿ.

ಗುಡಿ ಎದುರು ಹರಿದ್ರಾ ತೀರ್ಥ ಅಂತ ದೊಡ್ಡ ಹೊಂಡ ಇದೆ. ಅದರ ಸುತ್ತಮುತ್ತ ಹಳ್ಳಿ ಹೆಣ್ಣುಮಕ್ಕಳು ಬುಟ್ಟಿ ಹೊತ್ತು ಬಂದು ಕೂರುತ್ತಾರೆ. ನೀವು ಹತ್ತಿರ ಹೋಗೋದೇ ತಡ, "ಬಾರಪ್ಪಾ, ರೊಟ್ಟಿ ಉಣ್ಣು ಬಾ" ಅಂತ ಕರೆಯುತ್ತಾರೆ. ಬುಟ್ಟಿ ಮೇಲಿನ ಬಿಳಿ ಬಟ್ಟೆ ಸರಿಸಿದರೆ ಸಜ್ಜಿ ರೊಟ್ಟಿ, ಜೋಳದ ರೊಟ್ಟಿ, ಮೆತ್ತಂದು ಬೇಕಾದರೆ ಮೆತ್ತಂದು, ಖಡಕ್ ಬೇಕಾದರೆ ಖಡಕ್. ರೊಟ್ಟಿಯೇ ತಟ್ಟೆ. ಅದರ ಮೇಲೆ ಒಂದೊಂದಾಗಿ ಬಡಿಸುತ್ತಾ ಹೋಗುತ್ತಾರೆ: ಎಣ್ಣೆಗಾಯಿ ಬದನೆಕಾಯಿ, ಮಡಿಕೆ ಕಾಳಿನ ಪಲ್ಯ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಕೆಂಪು ಖಾರ. ಪಕ್ಕದಲ್ಲಿ ಹಸಿ ಈರುಳ್ಳಿ. ಮೊಸರು ಪುಟ್ಟ ಮಣ್ಣಿನ ಗಡಿಗೆಯಲ್ಲಿ, ಕವುಚಿದರೂ ಬೀಳದಷ್ಟು ಗಟ್ಟಿ. ಹೊಂಡದ ಮೆಟ್ಟಿಲ ಮೇಲೆ, ನೆರಳಲ್ಲಿ ಕೂತು ತಿನ್ನಬೇಕು. ಹೋಟೆಲ್ ಬಿಲ್ಲಿಗೆ ಹೋಲಿಸಿದರೆ ಅವರು ಕೇಳೋ ದುಡ್ಡಿಗೆ ಚೌಕಾಶಿ ಮಾಡೋಕೆ ನಾಚಿಕೆ ಆಗಬೇಕು. ದಯವಿಟ್ಟು ಮಾಡಬೇಡಿ.

ಅಕ್ಕ ಸಸ್ಯಾಹಾರಿ ಅಂತೀರಿ. ಅವರಿಗೆ ಇದಕ್ಕಿಂತ ಬೇರೆ ಏನು ಬೇಕು?

ದಾವಣಗೆರೆ ಸೊಸೆ
ಭಾವ ಗುಡಿ ಬೇಡ ಅಂದಿದ್ದಾರಲ್ಲ.

ಖಡಕ್‌ರೊಟ್ಟಿ
ಗುಡಿಗೆ ಹೋಗಿ ಅಂದವರು ಯಾರು? ಹೊಂಡದ ಕಟ್ಟೆ ತನಕ ಹೋಗಿ ಸಾಕು. ಬನಶಂಕರಿ ಕರುಣಾಮಯಿ, ಬೇಜಾರು ಮಾಡ್ಕೊಳ್ಳೋದಿಲ್ಲ.

ಕೊಪ್ಪೀಕರ್ ರೋಡ್
ಬಾದಾಮಿ ಸ್ಟೇಷನ್ ಊರಿಂದ ಐದು ಕಿಲೋಮೀಟರ್ ಆಚೆ. ಊರಿಂದ ಬನಶಂಕರಿ ಮತ್ತೆ ಅಷ್ಟೇ ದೂರ. ಇಳಿದ ತಕ್ಷಣ ಆಟೋದವರು ಸುತ್ತುವರಿಯುತ್ತಾರೆ. ನಮಗೊಬ್ಬ "ಎಲ್ಲ ತೋರಿಸ್ತೀನಿ" ಅಂತ ಒಪ್ಪಂದ ಮಾಡಿ, ಗುಹೆ ಹತ್ತಿರ ಇಳಿಸಿ, ಬನಶಂಕರಿಗೆ ಬೇರೆ ದುಡ್ಡು ಅಂದ. ಬಿಸಿಲಲ್ಲಿ ನಿಂತು ಅರ್ಧ ಗಂಟೆ ಜಗಳ. ಎಲ್ಲೆಲ್ಲಿಗೆ ಹೋಗೋದು, ಎಷ್ಟು ಹೊತ್ತು ಕಾಯೋದು, ವಾಪಸ್ ಸ್ಟೇಷನ್‌ಗೆ ಬಿಡೋದೂ ಸೇರಿ ಎಷ್ಟು ಅನ್ನೋದನ್ನು ಹತ್ತೋ ಮೊದಲೇ ಮಾತಾಡಿ. ಊಟದ ಬಗ್ಗೆ ಖಡಕ್‌ರೊಟ್ಟಿ ಹೇಳಿದ್ದು ಅಕ್ಷರಶಃ ನಿಜ.

ಬೆಟಗೇರಿಯವ
ಎಲ್ಲರೂ ಗದಗ ದಾಟಿಕೊಂಡೇ ಹೋಗ್ತೀರಿ, ಗದಗದಲ್ಲಿ ಇಳಿಯೋಕೆ ಮಾತ್ರ ಯಾರಿಗೂ ಮನಸ್ಸಿಲ್ಲ. ಹುಬ್ಬಳ್ಳಿಯಿಂದ 58 ಕಿಲೋಮೀಟರ್, ಒಂದು ಗಂಟೆ ಆಚೀಚೆ. ಗಾಡಿಗೆ ಬರ ಇಲ್ಲ. ಬೆಳಿಗ್ಗೆ ಮಂಡಕ್ಕಿ ಒಗ್ಗರಣಿ, ಮಿರ್ಚಿ, ಮಧ್ಯಾಹ್ನ ಭಾವನಿಗೆ ಸಾವಜಿ ಖಾನಾವಳಿಯಲ್ಲಿ ಖಾರದ ಮಟನ್ ಊಟ, ಅಕ್ಕನಿಗೆ ಲಿಂಗಾಯತ ಖಾನಾವಳಿಯಲ್ಲಿ ರೊಟ್ಟಿ ಊಟ. ಸಂಜೆ ನಾಲ್ಕರ ಮೇಲೆ ಬದನೆಕಾಯಿ ಬಜ್ಜಿ. ಇದಕ್ಕೆ ಗದಗಕ್ಕೇ ಬರಬೇಕು. ಬಜ್ಜಿ ತಿಂದು ಕೈ ಒರೆಸಿಕೊಂಡು ಗಾಡಿ ಹತ್ತಿದರೆ ರಾತ್ರಿ ಊಟಕ್ಕೆ ಮನೆ.

ಹಳೇ ಹುಬ್ಬಳ್ಳಿ ಹುಡುಗ
ಸಾವಜಿ ತಿನ್ನೋಕೆ ಹುಬ್ಬಳ್ಳಿ ಬಿಟ್ಟು ಗದಗಕ್ಕೆ ಹೋಗಬೇಕಾ ಕಾಕಾ?

ಬೆಟಗೇರಿಯವ
ಬೆಟಗೇರಿಯಲ್ಲಿ ಎಸ್‌ಎಸ್‌ಕೆ, ಅಂದರೆ ಸಾವಜಿ ಸಮಾಜದ ನೇಕಾರ ಮನೆಗಳೇ ಓಣಿಗಟ್ಟಲೆ ಇವೆ. ಮಗ್ಗದ ಸಪ್ಪಳ ಕೇಳ್ತಾ ತಿನ್ನೋ ಮಟನ್ ಸಾರು, ಖೀಮಾ ಉಂಡೆ ಬೇರೆ ತಮ್ಮಾ. ನಿಮ್ಮಲ್ಲಿ ಮೇಲೆ ತೇಲೋ ಕೆಂಪು ಎಣ್ಣೆ ನೋಡಿ ಖಾರ ಅಂತಾರೆ. ನಮ್ಮಲ್ಲಿ ನಾಲ್ಕನೇ ತುತ್ತಿಗೆ ಕಿವಿ ಬಿಸಿಯಾಗುತ್ತದೆ.

ಹಳೇ ಹುಬ್ಬಳ್ಳಿ ಹುಡುಗ
ಗಿರ್ಮಿಟ್ ವಿಷಯದಲ್ಲಾದರೂ ಸೋಲು ಒಪ್ಕೊಳ್ಳಿ. ನಮ್ಮ ಹುಬ್ಬಳ್ಳಿ ದುರ್ಗದ ಬೈಲಿಗೆ ಸಮ ಇಲ್ಲ.

ಬೆಟಗೇರಿಯವ
ದುರ್ಗದ ಬೈಲಲ್ಲಿ ಸಂಜೆ ಜನ ಜಾಸ್ತಿ ಅಂತ ಮೊದಲೇ ಕಲಸಿ ಗುಡ್ಡೆ ಹಾಕಿರೋದನ್ನು ನಾನೇ ನೋಡಿದ್ದೇನೆ. ಹುಣಸೆಹುಳಿ, ಬೆಲ್ಲ, ಈರುಳ್ಳಿ ಹಾಕಿದ ಒಗ್ಗರಣೆ ಗೊಜ್ಜು ಬೇರೆ ಇರಬೇಕು, ಚುರುಮುರಿ ಬೇರೆ ಇರಬೇಕು. ನೀವು ಕೇಳಿದ ಮೇಲೆ ಕಲಸಬೇಕು, ಪುಟಾಣಿ ಹಿಟ್ಟು ಉದುರಿಸಬೇಕು, ಹಸಿ ಈರುಳ್ಳಿ, ಸೇವು ಹಾಕಿ ಕೈಗೆ ಕೊಡಬೇಕು. ಎರಡು ನಿಮಿಷದ ಮೇಲೆ ಮೆತ್ತಗಾಯ್ತು ಅಂದರೆ ಅದು ಗಿರ್ಮಿಟ್ ಅಲ್ಲ, ಉಪ್ಪಿಟ್ಟು.

ಸುಮ್ನೆ ಓದುವವ
ಉಪ್ಪಿಟ್ಟಿಗೆ ಯಾಕ್ರೀ ಅವಮಾನ?

ಕುಂದಾ ಕಳ್ಳ
ಬೆಳಗಾವಿ ಬಗ್ಗೆ ಯಾರೂ ಮಾತೇ ಆಡುತ್ತಿಲ್ಲ. ಕುಂದಾ ಬಿಸಿ ಇರುವಾಗ ತಿಂದಿದ್ದೀರಾ? ಡಬ್ಬಿಯಲ್ಲಿ ಮನೆಗೆ ಬರೋದು ಬೇರೆ. ಹಾಲು ಕುದಿಸಿ ಕುದಿಸಿ ಕಂದು ಬಣ್ಣಕ್ಕೆ ಬಂದಿರುತ್ತದೆ, ಕಾಳು ಕಾಳಾಗಿ, ಇನ್ನೂ ತುಪ್ಪ ಜಿನುಗುತ್ತಿರುತ್ತದೆ. ದೊಡ್ಡ ಅಂಗಡಿ ಹುಡುಕಬೇಡಿ, ಅಲ್ಲೇ ಹಿಂದೆ ಕಾಯಿಸುವ ಅಂಗಡಿ ಹುಡುಕಿ. ಜೊತೆಗೆ ಮಾಂಡೆ ಸಿಕ್ಕಿದರೆ ಬಿಡಬೇಡಿ. ಹಾಳೆಯಷ್ಟು ತೆಳುವಾಗಿ, ಒಳಗೆ ಸಕ್ಕರೆ ಪುಡಿ ಇರುತ್ತದೆ. ಮುಟ್ಟಿದರೆ ಮುರಿಯುತ್ತದೆ.

ಸಪ್ತಾಪುರದವಳು
ಬೆಳಗಾವಿ ರೈಲಿನ ತೊಂದರೆ ದಾರಿ. ಬಸ್ಸು ಕಿತ್ತೂರು ಮೇಲೆ ನೇರ ಹೋಗುತ್ತದೆ. ರೈಲು ಧಾರವಾಡ, ಅಳ್ನಾವರ, ಲೋಂಡಾ, ಖಾನಾಪುರ ಅಂತ ಸುತ್ತು ಹೊಡೆಯುತ್ತದೆ. ಕಿತ್ತೂರು ಮೇಲಿನ ನೇರ ಮಾರ್ಗದ ಮಾತು ಎಷ್ಟು ವರ್ಷದಿಂದ ಕೇಳುತ್ತಿದ್ದೇವೋ. ಆದರೆ ಮಳೆಗಾಲದಲ್ಲಿ ಅಳ್ನಾವರ ದಾಟಿದ ಮೇಲೆ ಕಿಟಕಿ ತುಂಬ ಕಾಡು. ಅದಕ್ಕಾದರೂ ಒಮ್ಮೆ ಹೋಗಬೇಕು. ಬರುವಾಗ ಬಸ್ಸಿಗೆ ಬನ್ನಿ, ಎರಡು ಗಂಟೆ ಸಾಕು.

ಅಲ್ಲ, ಇಷ್ಟು ಊರು ಸುತ್ತಿದಿರಿ, ಧಾರವಾಡ ಯಾಕೆ ಬಿಟ್ಟಿರಿ?

ಹಳೇ ಹುಬ್ಬಳ್ಳಿ ಹುಡುಗ
ಧಾರವಾಡಕ್ಕೆ ರೈಲಲ್ಲಿ ಯಾರು ಹೋಗ್ತಾರೆ? ಚಿಗರಿ ಬಸ್ ಹತ್ತಿದರೆ ಆಯ್ತಲ್ಲ.

ಸಪ್ತಾಪುರದವಳು
ಮಕ್ಕಳಿಗೆ ರೈಲು ಬೇಕು ಅಂತ ಅವರೇ ಬರೆದಿದ್ದಾರೆ, 20 ಕಿಲೋಮೀಟರ್ ಆದರೇನು? ಕೋವಿಡ್ ಹೊತ್ತಲ್ಲಿ ಪ್ಯಾಸೆಂಜರ್‌ನ ಕನಿಷ್ಠ ದರ 30 ರೂಪಾಯಿ ಮಾಡಿದ್ದರು, 2024ರ ಫೆಬ್ರವರಿಯಲ್ಲಿ ಮತ್ತೆ 10ಕ್ಕೆ ಇಳಿದಿದೆ. ಇಳಿದು ಲೈನ್ ಬಜಾರ್‌ಗೆ ಹೋಗಿ. ಪೇಢಾ ಅಂದರೆ ಬರೀ ಸಿಹಿ ಅಲ್ಲ, ಉತ್ತರ ಪ್ರದೇಶದ ಉನ್ನಾವ್‌ನಿಂದ ಪ್ಲೇಗ್ ಕಾಲದಲ್ಲಿ ಇಲ್ಲಿಗೆ ಬಂದ ಠಾಕೂರ್ ಮನೆತನ ತಂದ ಕೈಚಳಕ. ನಮ್ಮ ಗೌಳಿಗರ ಎಮ್ಮೆ ಹಾಲು ಸೇರಿ ಈ ರುಚಿ ಆಗಿದೆ. ಖೋವಾ ಕಂದು ಬಣ್ಣ ಬರೋ ತನಕ ಹುರಿಯುತ್ತಾರೆ, ಆಮೇಲೆ ಸಕ್ಕರೆ ಪುಡಿಯಲ್ಲಿ ಹೊರಳಿಸುತ್ತಾರೆ. ಹಳೇ ಅಂಗಡಿಯಲ್ಲಿ ಮಾಡಿದ್ದು ಮುಗಿದರೆ ಬಾಗಿಲು ಹಾಕುತ್ತಾರೆ. ಸಂಜೆ ಹೋಗಿ ಬೈಕೊಳ್ಳಬೇಡಿ.

ಕೊಪ್ಪೀಕರ್ ರೋಡ್
ಈಗ ಪೇಢಾ ಜಗಳ ಶುರು ಮಾಡಬೇಡಿ. ಠಾಕೂರ್ ಪೇಢಾನಾ ಮಿಶ್ರಾ ಪೇಢಾನಾ ಅಂತ ಶುರುವಾದರೆ ಬೆಳಗಾಗುತ್ತದೆ.

ಸುಮ್ನೆ ಓದುವವ
ಮಿಶ್ರಾ.

ಸಪ್ತಾಪುರದವಳು
ಹೋಗ್ರೀ, ಸುಮ್ನೆ ಓದ್ರಿ ನೀವು.

ಬ್ಯಾಡಗಿ ಬಣ್ಣ
ದಾವಣಗೆರೆಗೆ ಹೋಗೋದಾದರೆ ದಾರಿಯಲ್ಲಿ ಬ್ಯಾಡಗಿ ಬರುತ್ತದೆ. ಡಿಸೆಂಬರ್‌ನಿಂದ ಏಪ್ರಿಲ್ ಒಳಗೆ, ಸೋಮವಾರ ಅಥವಾ ಗುರುವಾರ ಆದರೆ ಇಳಿಯಿರಿ. ಮೆಣಸಿನಕಾಯಿ ಮಾರುಕಟ್ಟೆ ಜೋರಾಗಿರೋದು ಆಗಲೇ. ಅಂಗಳದ ತುಂಬ ಚೀಲ, ಬಾಯಿ ಬಿಚ್ಚಿದರೆ ಒಳಗೆಲ್ಲ ಕೆಂಪು. ಒಳಗೆ ಕಾಲಿಡುವ ಮೊದಲೇ ಸೀನು ಬರುತ್ತದೆ, ಮಕ್ಕಳ ಮೂಗಿಗೆ ಕರವಸ್ತ್ರ ಕಟ್ಟಿ. ಕಾಯಿ ಎರಡು ಬಗೆ. ಡಬ್ಬಿ ಅಂದರೆ ಗಿಡ್ಡ, ದುಂಡಗೆ. ಕಡ್ಡಿ ಅಂದರೆ ಉದ್ದ, ತೆಳ್ಳಗೆ, ಪೂರ್ತಿ ಸುಕ್ಕು. ಖಾರ ಕಡಿಮೆ, ಬಣ್ಣ ಜಾಸ್ತಿ. ಅದಕ್ಕೇ ಇದರಿಂದ ಬಣ್ಣ ತೆಗೆಯೋ ಕಾರ್ಖಾನೆಗಳೇ ಇವೆ. 2011ರಲ್ಲಿ ಭೌಗೋಳಿಕ ಗುರುತು (ಜಿಐ) ಸಿಕ್ಕಿದೆ. ಅಕ್ಕ ವರ್ಷದ ಖಾರದ ಪುಡಿಗೆ ಇಲ್ಲೇ ಕೊಳ್ಳಲಿ.

ಹಳೇ ಹುಬ್ಬಳ್ಳಿ ಹುಡುಗ
ತಿನ್ನೋ ಟ್ರಿಪ್ ಕೇಳಿದರೆ ಮೆಣಸಿನಕಾಯಿ ಚೀಲ ಹೊರಿಸ್ತೀರಲ್ಲ!

ಬ್ಯಾಡಗಿ ಬಣ್ಣ
ನೀನು ತಿನ್ನೋ ಮಟನ್ ಸಾರು ಕೆಂಪಾಗಿರೋದು ಯಾರಿಂದ?

ನಿವೃತ್ತ ಟಿಟಿಇ
ಬ್ಯಾಡಗಿಯಲ್ಲಿ ಎಲ್ಲ ಗಾಡಿ ನಿಲ್ಲೋದಿಲ್ಲ. ಇಳಿದರೆ ಮುಂದಿನ ಗಾಡಿಗೆ ಹೊಸ ಟಿಕೆಟ್ ತೆಗೆಯಬೇಕು. ಮಕ್ಕಳನ್ನು ಕರ್ಕೊಂಡು ಒಂದೇ ದಿನ ಎರಡು ಊರು ಬೇಡ ಅನ್ನೋದು ನನ್ನ ಮಾತು.

ಹಾವೇರಿ ಏಲಕ್ಕಿ
ಸವಣೂರಿನ ಖಾರಾ, ಅಂದರೆ ಅಲ್ಲಿನ ಕುರುಕಲು ತಿಂಡಿ, ಯಾರೂ ಹೇಳಲಿಲ್ಲ. ಊರು ರೈಲ್ವೆ ಲೈನಿಂದ ಒಳಗಿದೆ, ಹಾವೇರಿಗೆ ಇಳಿದು ಬಸ್ ಹಿಡಿಯಬೇಕು. ಅದು ತೊಂದರೆ, ಒಪ್ಪುತ್ತೇನೆ. ಆದರೆ ಖಾರಾ ಒಂದು ಪೊಟ್ಟಣ, ಊಟದ ಮೇಲೆ ಸವಣೂರು ವೀಳ್ಯದೆಲೆ, ಆಮೇಲೆ ದೊಡ್ಡಹುಣಸೆ ಮಠದ ಆ ಮೂರು ದೈತ್ಯ ಮರ. ಮಕ್ಕಳು ಕೈ ಕೈ ಹಿಡಿದು ಸುತ್ತಿದರೂ ಬುಡ ಮುಗಿಯೋದಿಲ್ಲ. ಆಫ್ರಿಕಾದ ಬಾವೊಬಾಬ್ ಮರ ಅವು.

ಕಿಟಕಿಸೀಟು
ಎಲ್ಲ ಓದಿದೆ, ಮನೆಯಲ್ಲೂ ಓದಿ ಹೇಳಿದೆ. ಭಾವ ಫೋನಲ್ಲಿ ಬನಶಂಕರಿ ಊಟ ಕೇಳಿ "ಗುಡಿ ಇದ್ದರೂ ಪರವಾಗಿಲ್ಲ" ಅಂದರು. ಆದರೆ ಟಿಟಿಇ ಸರ್ ಹೇಳಿದ್ದು ಸರಿ, ವಾಪಸ್ ಗಾಡಿ ನೋಡಿದರೆ ಬಾದಾಮಿ ಇಕ್ಕಟ್ಟು. ಹೋಗುವಾಗ ನೇರ ಬಾದಾಮಿ, ಊಟ ಮುಗಿಸಿ ಮಧ್ಯಾಹ್ನದ ಗಾಡಿಗೆ ಗದಗಕ್ಕೆ ಬಂದು ಬದನೆಕಾಯಿ ಬಜ್ಜಿ, ಅಲ್ಲಿಂದ ಹುಬ್ಬಳ್ಳಿಗೆ ಗಾಡಿ ಬೇಕಾದಷ್ಟು. ಇದು ನಡೆಯುತ್ತದಾ?

ಬೆಟಗೇರಿಯವ
ಭಾರಿ ಪ್ಲಾನು. ಕಡೆಗೂ ಗದಗದಲ್ಲಿ ಇಳಿಯೋರು ಒಬ್ಬರು ಸಿಕ್ಕರು.

ನಿವೃತ್ತ ಟಿಟಿಇ
ನಡೆಯುತ್ತದೆ. ಮಧ್ಯಾಹ್ನದ ಗಾಡಿ ತಪ್ಪಿದರೆ ಬಾದಾಮಿಯಿಂದ ಗದಗಕ್ಕೆ ಬಸ್ಸಿದೆ, ಗಾಬರಿ ಬೇಡ. ಹಿಂದಿನ ರಾತ್ರಿ ಗಾಡಿ ಓಡುತ್ತಿದೆಯಾ ನೋಡಿಕೊಳ್ಳಿ. ಲೈನ್ ಕೆಲಸ ಇದ್ದರೆ ಪ್ಯಾಸೆಂಜರ್ ಮೊದಲು ರದ್ದು ಮಾಡುತ್ತಾರೆ. ಹುಬ್ಬಳ್ಳಿಯಲ್ಲಿ ಯಾವ ಪ್ಲಾಟ್‌ಫಾರ್ಮ್ ಅಂತಲೂ ಮೊದಲೇ ಕೇಳಿ. 1507 ಮೀಟರಿನದು ಸಿಕ್ಕಿ, ನಿಮ್ಮ ಬೋಗಿ ಆ ತುದಿಗೆ ನಿಂತರೆ ಮಕ್ಕಳನ್ನು ಹೊತ್ತುಕೊಂಡು ಓಡಬೇಕಾಗುತ್ತದೆ.

ಖಡಕ್‌ರೊಟ್ಟಿ
ಹನ್ನೆರಡರಿಂದ ಎರಡರೊಳಗೆ ಹೊಂಡದ ಹತ್ತಿರ ಇರಿ. ಮೂರರ ಮೇಲೆ ಬುಟ್ಟಿ ಖಾಲಿ. ಮಂಗಳವಾರ, ಶುಕ್ರವಾರ ದೇವಿಗೆ ಬರೋರು ಜಾಸ್ತಿ, ನೂಕುನುಗ್ಗಲು. ಬನದ ಹುಣ್ಣಿಮೆ ಜಾತ್ರೆ ಜನವರಿ ಹೊತ್ತಿಗೆ ಬರುತ್ತದೆ. ಆಗ ಮಾತ್ರ ಚಿಕ್ಕ ಮಕ್ಕಳ ಜೊತೆ ಹೋಗಬೇಡಿ.

ದಾವಣಗೆರೆ ಸೊಸೆ
ಹೋಗಲಿ ಬಿಡಿ. ಭಾವ ಬೆಂಗಳೂರಿಗೆ ವಾಪಸ್ ಹೋಗೋ ಬೆಳಿಗ್ಗೆ ದಾವಣಗೆರೆಯಲ್ಲಿ ಇಳಿಸಿ.

ಹಳೇ ಹುಬ್ಬಳ್ಳಿ ಹುಡುಗ
ಇವರು ಬಿಡೋದಿಲ್ಲ 🙏

ಕುಂದಾ ಕಳ್ಳ
ಕುಷ್ಟಗಿ ಕಡೆ ಯಾರಾದರೂ ಹೋಗಿದ್ದೀರಾ? 2025ರಲ್ಲಿ ಹುಬ್ಬಳ್ಳಿಯಿಂದ ಅಲ್ಲಿಗೂ ರೈಲು ಶುರುವಾಗಿದೆ. ಊಟಕ್ಕೆ ಏನಿದೆ ಅಲ್ಲಿ?

ಬೆಟಗೇರಿಯವ
ಅದಕ್ಕೆ ಬೇರೆ ಪೋಸ್ಟ್ ಹಾಕ್ರಿ. ಇಲ್ಲಿ ಕೇಳಿದರೆ ಮತ್ತೆ ದೋಸೆಗೆ ಬಂದು ನಿಲ್ಲುತ್ತದೆ.

ಸುಮ್ನೆ ಓದುವವ
ಅಮೀನಗಡ ಕರದಂಟು ಬಾದಾಮಿಯಲ್ಲಿ ಸಿಗುತ್ತದಾ, ಇಲ್ಲ ಅಮೀನಗಡಕ್ಕೇ ಹೋಗಬೇಕಾ?

ಖಡಕ್‌ರೊಟ್ಟಿ
ಸಿಗುತ್ತದೆ. ಅಂಟು, ಬೆಲ್ಲ, ಒಣಹಣ್ಣು ಕಣ್ಣಿಗೆ ಕಾಣುವ ಹಾಗಿರೋದನ್ನು ತಗೊಳ್ಳಿ, ಬರೀ ಬೆಲ್ಲದ ಹೋಳಾಗಿದ್ದರೆ ಬೇಡ. ಮುರಿದು ರುಚಿ ನೋಡೋಕೆ ಕೊಡದ ಅಂಗಡಿಯಲ್ಲಿ ಕೊಳ್ಳಲೂಬೇಡಿ.